ಮಂಜುಗಡ್ಡೆಯಡಿಯ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಟಾರ್ಕ್ಟಿಕದ ಸಂಶೋಧನಾ ನಿಲ್ದಾಣಗಳಲ್ಲಿ ವಿಜ್ಞಾನಿಗಳಿಗೆ ನೆರವಾಗುವ ಡೈವರ್‌ಗಳ ಮತ್ತು ದೋಣಿ ನಡೆಸುವವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ನಾನು ಆ ಕೆಲಸವನ್ನು ಕೆಲವು ಋತುಗಳ ಕಾಲ ಮಾಡಿದವನಾದ್ದರಿಂದ ಬಂದ ಪತ್ರಗಳಿಗೆಲ್ಲ ನಾನೇ ಉತ್ತರಿಸಬೇಕೆಂದು ಸಂಪಾದಕರು ಹೇಳಿದ್ದಾರೆ. ಪತ್ರಗಳಲ್ಲಿ ಹೆಚ್ಚಿನವು ಕರಾವಳಿಯಿಂದ ಬಂದಿವೆ. ಐದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಮೂರು ವರ್ಷಗಳಿಂದ ಮುರುಡೇಶ್ವರದಲ್ಲಿದ್ದುಕೊಂಡು ಪ್ರವಾಸಿಗರನ್ನು ನೇತ್ರಾಣಿಗೆ ಕರೆದೊಯ್ದು ಸ್ಕೂಬಾ ಮಾಡಿಸುತ್ತಾನೆ. ನಿಮ್ಮ ಲೇಖನ ಓದಿದ ಮೇಲೆ ಅಂಟಾರ್ಕ್ಟಿಕಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅಲ್ಲಿ ಅವನು ಮಾಡಬೇಕಾದ ಕೆಲಸ ಏನು, ಅಪಾಯ ಎಷ್ಟು, ಅವನಂಥವನಿಗೆ ದಾರಿ ಇದೆಯೇ?
— ಒಬ್ಬ ತಾಯಿ, ಹೊನ್ನಾವರ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಮಗನ ಹಟಕ್ಕೆ ನನ್ನ ಲೇಖನ ಕಾರಣವಾಗಿದ್ದರೆ, ಆ ಲೇಖನದಲ್ಲಿ ನಾನು ಬಿಟ್ಟಿದ್ದ ಮಾತುಗಳನ್ನು ಮೊದಲು ಹೇಳಬೇಕು. ಈ ಕೆಲಸದಲ್ಲಿ ನೀರಿನೊಳಗೆ ಕಳೆಯುವ ಹೊತ್ತು ತೀರಾ ಕಡಿಮೆ. ಅರ್ಧ ಗಂಟೆಯ ಒಂದು ಡೈವ್‌ಗಾಗಿ ನಾಲ್ಕೈದು ಜನ ಅರ್ಧ ದಿನ ದುಡಿಯುತ್ತಾರೆ: ಕಂಪ್ರೆಸರ್ ಓಡಿಸಿ ಸಿಲಿಂಡರ್ ತುಂಬುವುದು, ನೀರು ಒಳಗೆ ಬಾರದಂತೆ ಮೈ ಮುಚ್ಚುವ ಡ್ರೈಸೂಟ್ ಎಂಬ ಉಡುಪಿನ ಕುತ್ತಿಗೆಯ ಮತ್ತು ಮಣಿಕಟ್ಟಿನ ರಬ್ಬರ್ ಪಟ್ಟಿಗಳಲ್ಲಿ ಸೀಳಿದೆಯೇ ಎಂದು ಬೆರಳಾಡಿಸಿ ನೋಡುವುದು, ಚಳಿಗಾಲವಾದರೆ ಕಡಲ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಚೈನ್‌ಸಾದಿಂದ ಕೊಯ್ದು ಇಳಿಯಲು ಒಂದು ತೂತು, ಅಪಾಯಕ್ಕೆಂದು ಸ್ವಲ್ಪ ದೂರದಲ್ಲಿ ಇನ್ನೊಂದು ತೂತು ಮಾಡುವುದು, ಮೇಲೆ ಬಂದ ನಂತರ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸುವುದು. ಒಣಗಿಸುವುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅಲ್ಲಿ ಒಂದು ಹನಿ ತೇವವೂ ಶತ್ರು.

ಕಾರಣ ಹೀಗಿದೆ. ಉಪ್ಪಿರುವುದರಿಂದ ಸಮುದ್ರದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಮೈನಸ್ 1.8 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ; ಚಳಿಗಾಲದಲ್ಲಿ ಡೈವರ್ ಇಳಿಯುವ ನೀರು ಸರಿಯಾಗಿ ಅಷ್ಟೇ ತಣ್ಣಗಿರುತ್ತದೆ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರಿನ ಮೂಲಕ ಹೊರಬಂದು ಹಿಗ್ಗುವಾಗ ಇನ್ನಷ್ಟು ತಣ್ಣಗಾಗುತ್ತದೆ. ಆಗ ಒಳಗೆ ಎಲ್ಲಿಯಾದರೂ ತೇವವಿದ್ದರೆ ಅದು ಮಂಜಾಗಿ ಕವಾಟವನ್ನು ತೆರೆದ ಸ್ಥಿತಿಯಲ್ಲೇ ಕಚ್ಚಿ ಹಿಡಿಯುತ್ತದೆ, ಗಾಳಿ ನಿಲ್ಲದೆ ಹೊರನುಗ್ಗಿ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ.

ನನ್ನ ಮೊದಲ ಋತುವಿನಲ್ಲಿಯೇ ಇದು ನನಗೆ ಆಯಿತು. ತೂತಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆ. ಬೆಚ್ಚಗಿನ ನೀರಿನಲ್ಲಿ ಕಲಿತ ಅಭ್ಯಾಸದಂತೆ, ಇಳಿಯುವ ಮೊದಲು ಗಾಳಿ ಸರಿಯಾಗಿ ಬರುತ್ತಿದೆಯೇ ಎಂದು ರೆಗ್ಯುಲೇಟರನ್ನು ಬಾಯಿಗಿಟ್ಟು ಎರಡು ಬಾರಿ ಉಸಿರು ಎಳೆದು ಬಿಟ್ಟೆ. ನನ್ನ ಉಸಿರಿನ ತೇವ ಹೊರಗಿನ ಕಡುಚಳಿಯಲ್ಲಿ ಆ ಲೋಹಕ್ಕೆ ಅಂಟಿತು. ಆರೇಳು ಮೀಟರ್ ಇಳಿದಿದ್ದೆನೋ ಇಲ್ಲವೋ, ಒಮ್ಮೆಲೇ ಮುಖದ ಸುತ್ತ ಗುಳ್ಳೆಗಳು ಭೋರ್ಗರೆದು ಏನೂ ಕಾಣದಂತಾಯಿತು. ಅಲ್ಲಿ ಪ್ರತಿ ಡೈವರ್ ಬಳಿಯೂ ಬೇರೆ ಕವಾಟಕ್ಕೆ ಜೋಡಿಸಿದ ಎರಡನೇ ರೆಗ್ಯುಲೇಟರ್ ಇರುತ್ತದೆ. ಅದನ್ನು ಬಾಯಿಗೆ ತೆಗೆದುಕೊಂಡೆ, ಜೊತೆಗಾರ ನನ್ನ ಬೆನ್ನ ಹಿಂದೆ ಕೈ ಹಾಕಿ ಕೆಟ್ಟುಹೋದ ಕವಾಟವನ್ನು ತಿರುಗಿಸಿ ಮುಚ್ಚಿದ, ಮೇಲೆ ಹಗ್ಗ ಹಿಡಿದಿದ್ದವನು ಸನ್ನೆ ತಿಳಿದು ನಮ್ಮಿಬ್ಬರನ್ನೂ ಎಳೆದುಕೊಂಡ. ಯಾರಿಗೂ ಏನೂ ಆಗಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು. ನೀರಿನ ಮೇಲೆ ಉಸಿರಾಡಿ ನೋಡಬಾರದೆಂದು ಅಂದು ಬೆಳಿಗ್ಗೆಯೇ ಹೇಳಿದ್ದರು. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. ನೇತ್ರಾಣಿಯಲ್ಲಿ ಒಳ್ಳೆಯದೆನಿಸುವ ಅಭ್ಯಾಸವೇ ಅಲ್ಲಿ ಕುತ್ತು ತರಬಲ್ಲದು, ಆದ್ದರಿಂದ ಅವನು ಕಲಿಯುವುದಕ್ಕಿಂತ ಮೊದಲು ಕೆಲವನ್ನು ಮರೆಯಬೇಕಾಗುತ್ತದೆ.

ಅಪಾಯವನ್ನು ಮುಚ್ಚಿಟ್ಟು ಹೇಳುವುದಿಲ್ಲ. ಮಂಜಿನ ಚಾವಣಿಯ ಕೆಳಗೆ ನೇರವಾಗಿ ಮೇಲೆ ಬರುವ ದಾರಿಯೇ ಇಲ್ಲ. ಇಳಿದ ತೂತಿಗೇ ಮರಳಬೇಕು. ಬ್ರಿಟಿಷರು ಅಡಿಲೇಡ್ ದ್ವೀಪದಲ್ಲಿ ನಡೆಸುವ ರೊಥೆರಾ ನಿಲ್ದಾಣದಲ್ಲಿ ವರ್ಷವಿಡೀ ಡೈವಿಂಗ್ ನಡೆಯುತ್ತದೆ, ಅದಕ್ಕಾಗಿಯೇ ಅಲ್ಲಿ ಒತ್ತಡ ಕೋಣೆಯೂ ಇದೆ. ಬೇಗನೆ ಮೇಲೆ ಬಂದವರ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಗಟ್ಟಿದರೆ ಅದರೊಳಗೆ ಮಲಗಿಸಿ ಚಿಕಿತ್ಸೆ ಕೊಡುತ್ತಾರೆ. ಆದರೆ ಚಳಿಗಾಲದಲ್ಲಿ ಹಡಗೂ ಇಲ್ಲ, ವಿಮಾನವನ್ನು ತರಿಸುವುದೂ ಬಹಳ ಕಷ್ಟ. ಆಸ್ಪತ್ರೆ ಸಾವಿರಾರು ಕಿಲೋಮೀಟರ್ ದೂರ. ಹೀಗಾಗಿ ಆಳವನ್ನೂ ಹೊತ್ತನ್ನೂ ಲೆಕ್ಕದ ಮಿತಿಗಿಂತ ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸುತ್ತಾರೆ. ಡೈವಿಂಗ್ ಅಧಿಕಾರಿ “ಇವತ್ತು ಬೇಡ” ಎಂದರೆ ಅಲ್ಲಿ ಎಷ್ಟು ದೊಡ್ಡ ವಿಜ್ಞಾನಿಯೂ ಎದುರಾಡುವುದಿಲ್ಲ. ಆ ಮಾತನ್ನು ಹೇಳಲು ಹಿಂಜರಿಯುವವನನ್ನು ಆ ಕೆಲಸದಲ್ಲಿ ಇಟ್ಟುಕೊಳ್ಳುವುದೂ ಇಲ್ಲ.

ದಾರಿಯ ವಿಚಾರ. ಪ್ರವಾಸಿಗರಿಗೆ ಸ್ಕೂಬಾ ಕಲಿಸುವ ಪ್ರಮಾಣಪತ್ರ ಇಲ್ಲಿ ಸಾಲದು. ಬ್ರಿಟನ್ನಿನಲ್ಲಿ ಸಂಬಳಕ್ಕಾಗಿ ಮುಳುಗುವವರಿಗೆ 1997ರ ಪ್ರತ್ಯೇಕ ನಿಯಮಾವಳಿ ಅನ್ವಯಿಸುತ್ತದೆ. ಯುರೋಪಿನಲ್ಲಿ ವೈಜ್ಞಾನಿಕ ಡೈವರ್ ಎಂಬ ಮನ್ನಣೆಗೆ ಕನಿಷ್ಠ 70 ಡೈವ್‌ಗಳ ದಾಖಲೆ ಬೇಕು, ಅದರ ಮೇಲಿನ ದರ್ಜೆಗೆ 100 ಬೇಕು. ಅಮೆರಿಕದ ಪದ್ಧತಿಯಲ್ಲಿ 100 ಗಂಟೆಗಳ ತರಬೇತಿ ಕೇಳುತ್ತಾರೆ. ಎಣಿಕೆಯಲ್ಲಿ ನಿಮ್ಮ ಮಗ ಇವನ್ನೆಲ್ಲ ಎಂದೋ ದಾಟಿರಬಹುದು. ಆದರೆ ಡ್ರೈಸೂಟ್ ಹಾಕಿ, ತಣ್ಣೀರಿನಲ್ಲಿ, ಹಗ್ಗದ ಸನ್ನೆಯಲ್ಲಿ ಮಾಡಿದ ಡೈವ್‌ಗಳೇ ಅಲ್ಲಿ ಗಣನೆಗೆ ಬರುವುದು. ಜೊತೆಗೆ ಆಯಾ ದೇಶದಲ್ಲಿ ದುಡಿಯುವ ಹಕ್ಕು ಇರಬೇಕು, ಅನೇಕರ ಪಾಲಿಗೆ ನಿಜವಾದ ಅಡ್ಡಗೋಡೆ ಇದೇ.

ನಮ್ಮ ದೇಶದ ಧ್ರುವ ಕಾರ್ಯಕ್ರಮವನ್ನು ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಡೆಸುತ್ತದೆ. ಹೊರಡುವವರಿಗೆ ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಪರೀಕ್ಷೆಯೂ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿಯೂ ಇರುತ್ತವೆ. ನಮ್ಮ ಎರಡು ನಿಲ್ದಾಣಗಳಲ್ಲಿ 1989ರ ಮೈತ್ರಿ ಕರಾವಳಿಯಿಂದ ಸುಮಾರು 100 ಕಿಲೋಮೀಟರ್ ಒಳಗಿದೆ, 2012ರ ಭಾರತಿ ಕಡಲ ದಂಡೆಯಲ್ಲೇ ಇದೆ. ಎರಡರಲ್ಲಿಯೂ ವಿಜ್ಞಾನಿಗಳಷ್ಟೇ ಅಲ್ಲದೆ ಎಂಜಿನ್ ರಿಪೇರಿಯವರು, ಅಡುಗೆಯವರು, ವಿದ್ಯುತ್ ಕೆಲಸದವರು ಬೇಕಾಗುತ್ತಾರೆ. ವಿಜ್ಞಾನಕ್ಕಾಗಿ ಮುಳುಗುವುದು ನಮಗೆ ಹೊಸತಲ್ಲ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ದ್ವಾರಕೆಯ ಕಡಲಿನೊಳಗೆ ಡೈವರ್‌ಗಳನ್ನು ಇಳಿಸಿ ಶೋಧ ನಡೆಸಿದವರು ನಮ್ಮ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾಯರೇ ಅಲ್ಲವೇ? ನಿಮ್ಮ ಮಗ ಮೊದಲು ಔಟ್‌ಬೋರ್ಡ್ ಎಂಜಿನ್ ಮತ್ತು ಕಂಪ್ರೆಸರ್ ಬಿಚ್ಚಿ ಕಟ್ಟುವುದನ್ನು ಕಲಿಯಲಿ ಎಂಬುದು ನನ್ನ ಸಲಹೆ. ಅಂಟಾರ್ಕ್ಟಿಕದಲ್ಲಿ ಮೊದಲು ಮುಳುಗಿದನೆಂದು ದಾಖಲಾಗಿರುವವನು ವಿಜ್ಞಾನಿಯಲ್ಲ. 1902ರಲ್ಲಿ ಮಂಜಿನಲ್ಲಿ ಸಿಕ್ಕಿಕೊಂಡ ಜರ್ಮನಿಯ ಗೌಸ್ ಹಡಗಿನ ತಳವನ್ನು ಸರಿಪಡಿಸಲು ಇಳಿದ ಅದರ ಬಡಗಿ.

ಪ್ರಶ್ನೆ: ನನಗೆ ಡೈವಿಂಗ್ ಬರುವುದಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ನಾಡದೋಣಿಯಲ್ಲಿದ್ದೇನೆ, ಔಟ್‌ಬೋರ್ಡ್ ಎಂಜಿನ್ ಕಣ್ಣು ಮುಚ್ಚಿ ನಡೆಸುತ್ತೇನೆ. ದೋಣಿಯ ಕೆಲಸವೆಂದರೆ ಅಲ್ಲಿ ಬರೀ ಡೈವರ್‌ಗಳನ್ನು ಸಾಗಿಸುವುದೇ?
— ಒಬ್ಬ ಓದುಗ, ಗಂಗೊಳ್ಳಿ

ಉತ್ತರ: ಕಣ್ಣು ಮುಚ್ಚಿ ನಡೆಸುವವರು ಅಲ್ಲಿ ಬೇಡ. ತಮಾಷೆಗೆ ಹೇಳಿದೆ, ಬೇಸರಿಸಬೇಡಿ. ಅಳಿವೆಯ ಮುಖದಲ್ಲಿ ಅಲೆ ಎಣಿಸುತ್ತಾ ದೋಣಿ ತಡೆದು ನಿಲ್ಲಿಸಿ, ಸಮಯ ನೋಡಿ ಒಳಗೆ ನುಗ್ಗಿಸುವ ನಿಮ್ಮೂರಿನ ತಂಡೇಲರನ್ನು ನಾನು ನೋಡಿದ್ದೇನೆ, ಆ ಕಣ್ಣೇ ಅಲ್ಲಿ ಬೇಕಾಗಿರುವುದು. ಧ್ರುವದ ನಿಲ್ದಾಣಗಳಲ್ಲಿ ಹೆಚ್ಚಾಗಿ ಬಳಸುವುದು ಗಟ್ಟಿ ತಳವಿದ್ದು ಸುತ್ತ ಗಾಳಿ ತುಂಬಿದ ರಬ್ಬರ್ ಅಂಚಿರುವ ದೋಣಿ. ರಿಬ್ ಎಂದು ಕರೆಯುತ್ತಾರೆ. ಕಟ್ಟೆಯಿಂದ ಕ್ರೇನ್‌ನಲ್ಲಿ ಎತ್ತಿ ನೀರಿಗಿಳಿಸುತ್ತಾರೆ, ಸಂಜೆ ಹಾಗೆಯೇ ಎತ್ತಿ ಮೇಲಿಡುತ್ತಾರೆ, ಏಕೆಂದರೆ ರಾತ್ರಿ ನೀರಿನಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ಗಾಳಿ ತಳ್ಳಿ ತಂದ ಮಂಜಿನ ಚೂರುಗಳು ಅದನ್ನು ಕಟ್ಟೆಗೆ ಒತ್ತಿ ಹಾಕಿರುತ್ತವೆ.

ಆ ಚೂರುಗಳ ವಿಚಾರ ಸ್ವಲ್ಪ ಹೇಳಬೇಕು. ದೊಡ್ಡ ನೀರ್ಗಲ್ಲು, ಅಂದರೆ ಕಡಲಲ್ಲಿ ತೇಲುವ ಮಂಜಿನ ಬೆಟ್ಟ, ದೂರದಿಂದಲೇ ಕಾಣುತ್ತದೆ, ಹೆದರಿಸುತ್ತದೆ, ದೂರ ಇರುತ್ತೇವೆ. ಅದರ ಹತ್ತರಲ್ಲಿ ಒಂಬತ್ತು ಪಾಲು ನೀರಿನ ಕೆಳಗಿದ್ದು ಕರಗುತ್ತಾ ತೂಕ ತಪ್ಪಿ ಯಾವ ಗಳಿಗೆಯಲ್ಲಾದರೂ ಮಗುಚಬಹುದಾದ್ದರಿಂದ ಅದರ ಎತ್ತರದ ಹಲವು ಪಟ್ಟು ದೂರದಲ್ಲೇ ಹಾದುಹೋಗುತ್ತೇವೆ. ಕಾಟ ಕೊಡುವುದು ನೀರಿನ ಕೊಡದ ಗಾತ್ರದ, ಗಾಜಿನಂತೆ ಪಾರದರ್ಶಕವಾದ, ನೀರಿನ ಮಟ್ಟದಲ್ಲೇ ತೇಲುವ ಗಟ್ಟಿ ಮಂಜು. ಎಂಜಿನ್ನಿನ ಪಂಖ ಅದಕ್ಕೆ ತಗುಲಿದರೆ ಅಲ್ಲಿಗೇ ಮುಗಿಯಿತು. ಅದಕ್ಕಾಗಿ ಮುಂಭಾಗದಲ್ಲಿ ಒಬ್ಬ ಕೋಲು ಹಿಡಿದು ನಿಂತು ತಳ್ಳುತ್ತಾ ದಾರಿ ತೋರಿಸುತ್ತಾನೆ, ನಡೆಸುವವನು ನಡಿಗೆಯ ವೇಗದಲ್ಲಿ ಹೋಗುತ್ತಾನೆ, ಅನೇಕ ಸಲ ಅದಕ್ಕಿಂತಲೂ ನಿಧಾನವಾಗಿ. ಇನ್ನು ಹೋಗುವಾಗ ಬಯಲಾಗಿದ್ದ ನೀರು ಗಾಳಿ ತಿರುಗಿದರೆ ಒಂದು ಗಂಟೆಯಲ್ಲಿ ಮುಚ್ಚಿಕೊಂಡು ಬಿಡುತ್ತದೆ. ಆದ್ದರಿಂದ ಎರಡು ತಾಸಿನ ಕೆಲಸಕ್ಕೆ ಹೊರಟರೂ ದೋಣಿಯಲ್ಲಿ ಡೇರೆ, ಒಲೆ, ಊಟ, ಎರಡೆರಡು ರೇಡಿಯೋ ಇರುತ್ತವೆ.

ಡೈವರ್‌ಗಳು ಕೆಳಗಿರುವಾಗ ನಿಮ್ಮ ಕೆಲಸ ಗುಳ್ಳೆ ನೋಡುವುದು. ಪಂಖ ತಿರುಗದಂತೆ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು, ಎರಡು ಸಾಲು ಗುಳ್ಳೆ ಎಲ್ಲಿ ಏಳುತ್ತಿವೆ, ಯಾವ ಮಂಜಿನ ತುಂಡು ಅವುಗಳ ಕಡೆಗೆ ತೇಲಿ ಬರುತ್ತಿದೆ ಎಂದು ನೋಡುತ್ತಲೇ ಇರಬೇಕು. ಮೈ ಕೊರೆಯುವ ಚಳಿಯಲ್ಲಿ ಅಲುಗಾಡದೆ ಕೂತು ಅದನ್ನೇ ನೋಡುವುದು ನೀರಿನೊಳಗಿರುವುದಕ್ಕಿಂತ ಕಷ್ಟವೆಂದು ಎರಡನ್ನೂ ಮಾಡಿದ ನಾನು ಹೇಳಬಲ್ಲೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಾಗಿಸುವುದಷ್ಟೇ ಅಲ್ಲ. ರೊಥೆರಾದ ಪಕ್ಕದ ರೈಡರ್ ಕೊಲ್ಲಿಯಲ್ಲಿ 1997ರಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಉಷ್ಣತೆ ಮತ್ತು ಉಪ್ಪಿನಂಶ ಅಳೆಯುವ ಉಪಕರಣವನ್ನು ಸುಮಾರು 500 ಮೀಟರ್ ಆಳದವರೆಗೆ ಇಳಿಸಿ ಎತ್ತುತ್ತಾರೆ, 15 ಮೀಟರಿನಲ್ಲಿ ನೀರಿನ ಮಾದರಿ ತೆಗೆಯುತ್ತಾರೆ. ಬೇಸಿಗೆಯಲ್ಲಿ ದೋಣಿಯಿಂದ, ಕಡಲು ಹೆಪ್ಪುಗಟ್ಟಿದಾಗ ಸ್ಲೆಡ್ಜ್ ಎಳೆದುಕೊಂಡು ಹೋಗಿ ಮಂಜಿನ ತೂತಿನಿಂದ. ಗಾಳಿಗೆ ದೋಣಿ ಸರಿದರೆ ಹಗ್ಗ ಓರೆಯಾಗಿ ಅಳತೆಯೇ ಕೆಡುತ್ತದೆ. ದೋಣಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸುವವನ ಕೈಯಲ್ಲಿ ಆ ದಿನದ ಅಂಕಿ ಇರುತ್ತದೆ. ಉತ್ತರ ಧ್ರುವದ ಕಡೆ ನಾರ್ವೆಯ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಭಾರತವೂ 2014ರಲ್ಲಿ 192 ಮೀಟರ್ ಆಳದಲ್ಲಿ ಇಂಡಾರ್ಕ್ ಎಂಬ ಮಾಪಕವನ್ನು ಲಂಗರು ಹಾಕಿ ನಿಲ್ಲಿಸಿದೆ. ಅಂಥವನ್ನು ಇಳಿಸಿ ಎತ್ತುವುದಕ್ಕೂ ಕಡಲು ಬಲ್ಲ ಕೈಗಳೇ ಬೇಕು. ನಿಮ್ಮ ಅನುಭವ ಕಾಗದದ ಮೇಲೆ ಕಾಣುವಂತೆ ದೋಣಿ ನಡೆಸುವ ಅಧಿಕೃತ ಪ್ರಮಾಣಪತ್ರ, ರೇಡಿಯೋ ಬಳಕೆಯ ಪರವಾನಗಿ, ಪ್ರಥಮ ಚಿಕಿತ್ಸೆಯ ತರಬೇತಿ, ಈ ಮೂರನ್ನು ಮೊದಲು ಮಾಡಿಕೊಳ್ಳಿ.

ಪ್ರಶ್ನೆ: ಸೀಲ್ ಪ್ರಾಣಿಯೊಂದು ವಿಜ್ಞಾನಿಯನ್ನು ಕೊಂದಿತೆಂದು ನನ್ನ ವಿದ್ಯಾರ್ಥಿಯೊಬ್ಬ ಹೇಳುತ್ತಾನೆ. ನಿಜವೇ?
— ಒಬ್ಬ ಶಿಕ್ಷಕಿ, ಧಾರವಾಡ

ಉತ್ತರ: ನಿಜ. 2003ರ ಜುಲೈ 22ರಂದು ರೊಥೆರಾದ ಹತ್ತಿರ ಕರ್ಸ್ಟಿ ಬ್ರೌನ್ ಎಂಬ 28 ವರ್ಷದ ಸಮುದ್ರಜೀವ ವಿಜ್ಞಾನಿ ಸ್ನಾರ್ಕೆಲ್ ಹಾಕಿಕೊಂಡು ನೀರಿನ ಮೇಲ್ಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಚಿರತೆ ಸೀಲ್ ಅವರನ್ನು ಹಿಡಿದು ಆಳಕ್ಕೆ ಎಳೆದೊಯ್ದಿತು. ಚಿರತೆ ಸೀಲ್ 3 ಮೀಟರಿಗೂ ಮೀರಿ ಬೆಳೆಯುವ ಬೇಟೆಪ್ರಾಣಿ. ಪೆಂಗ್ವಿನ್‌ಗಳನ್ನೂ ಇತರ ಸೀಲ್‌ಗಳ ಮರಿಗಳನ್ನೂ ತಿನ್ನುತ್ತದೆ. ಅದಕ್ಕೂ ಮೊದಲು ಅದು ಮನುಷ್ಯರನ್ನು ಕೊಂದ ದಾಖಲೆ ಇರಲಿಲ್ಲ. ಆ ಸಾವಿನ ನಂತರ ಕಾವಲಿನ ನಿಯಮಗಳು ಬಿಗಿಯಾದವು. ನಾವು ಇಳಿಯುವ ಮೊದಲು ಎತ್ತರದ ಜಾಗದಿಂದ ಅರ್ಧ ಗಂಟೆ ದುರ್ಬೀನಿನಲ್ಲಿ ನೀರು ನೋಡುತ್ತಿದ್ದೆವು. ಚಿರತೆ ಸೀಲ್ ಅಥವಾ ಓರ್ಕಾ ಎಂಬ ಕೊಲೆಗಾರ ತಿಮಿಂಗಿಲ ಕಂಡರೆ ಆ ಡೈವ್ ರದ್ದು, ಈಗಾಗಲೇ ಇಳಿದಿದ್ದವರಿಗೆ ಮರಳುವ ಸನ್ನೆ. ಒಂದು ಫೆಬ್ರವರಿಯಲ್ಲಿ ಒಂದೇ ಸೀಲ್ ನಮ್ಮ ಕಟ್ಟೆಯ ಎದುರಿನ ಮಂಜಿನ ಹಲಗೆಯ ಮೇಲೆ ಆರು ದಿನ ಮಲಗಿ ಬಿಸಿಲು ಕಾಯಿಸಿತು. ಆರು ದಿನವೂ ನಾವು ಸೂಟ್ ಹಾಕಿ, ನೋಡಿ, ಬಿಚ್ಚಿದೆವು. ಉತ್ತರ ಧ್ರುವದ ಕಡೆ ಭಯ ಬೇರೆ: ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ದಡದ ಮೇಲೆ ಹಿಮಕರಡಿ ಬರುವುದುಂಟು, ಊರ ಹೊರಗಿನ ಕೆಲಸಕ್ಕೆ ಬಂದೂಕು ಹಿಡಿದ ಒಬ್ಬರು ಜೊತೆಗಿರುವುದು ವಾಡಿಕೆ.

ಪ್ರಶ್ನೆ: ಸಮುದ್ರಜೀವ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ ನಾನು. ನೀರಿನೊಳಗೆ ಓಡಾಡುವ ರೋಬೋಟುಗಳು ಇಷ್ಟೊಂದಿರುವಾಗ ಮನುಷ್ಯರನ್ನು ಇಂಥ ನೀರಿಗೆ ಇಳಿಸುವುದೇಕೆ?
— ಒಬ್ಬ ವಿದ್ಯಾರ್ಥಿನಿ, ಕಾರವಾರ

ಉತ್ತರ: ರೋಬೋಟಿಗೆ ಬಿಡಬೇಕಾದ ಕಡೆ ಬಿಟ್ಟೇ ಇದ್ದಾರೆ. ನೆಲದಿಂದ ಕಡಲ ಮೇಲೆ ಚಾಚಿ ತೇಲುವ, ನೂರಾರು ಮೀಟರ್ ದಪ್ಪದ ಹಿಮಚಾಚುಗಳ ಕೆಳಗೆ ಮನುಷ್ಯ ಹೋಗುವ ಮಾತೇ ಇಲ್ಲ. 2009ರಲ್ಲಿ ಪೈನ್ ಐಲ್ಯಾಂಡ್ ಹಿಮನದಿಯ ಕೆಳಗೆ ಆಟೋಸಬ್, 2020ರಲ್ಲಿ ಥ್ವೇಟ್ಸ್ ಹಿಮನದಿಯ ಕೆಳಗೆ ಐಸ್‌ಫಿನ್ ಎಂಬ ರೋಬೋಟುಗಳು ಹೋಗಿ ಬಂದವು. ಆದರೆ ದಡದ ಬಳಿಯ ಇಪ್ಪತ್ತು, ಮೂವತ್ತು ಮೀಟರ್ ಆಳದಲ್ಲಿ ಕೈಯಷ್ಟು ಕೌಶಲದ ಯಂತ್ರ ಇನ್ನೂ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ಅಘನಾಶಿನಿಯಲ್ಲಿ ಬಳಚು ತೆಗೆಯುವವರನ್ನು ನೀವು ನೋಡಿರುತ್ತೀರಿ. ಅಂಟಾರ್ಕ್ಟಿಕದಲ್ಲಿಯೂ ಕೆಸರಿನೊಳಗೆ ಹುದುಗಿರುವ ಲಾಟರ್ನುಲ ಎಂಬ ದೊಡ್ಡ ಚಿಪ್ಪುಜೀವಿ ಇದೆ; ಕೆಸರಿನ ಮೇಲೆ ಕಾಣುವುದು ಅದರ ಉಸಿರಿನ ಎರಡು ತೂತು ಮಾತ್ರ. ತೆಳ್ಳನೆಯ ಅದರ ಚಿಪ್ಪು ಒಡೆಯದಂತೆ ಸುತ್ತಲಿನ ಕೆಸರು ಸರಿಸಿ ಎತ್ತಲು ಬೆರಳೇ ಬೇಕು.

ಇನ್ನೊಂದು ಉದಾಹರಣೆ ನನಗೆ ಹೆಚ್ಚು ಮೆಚ್ಚಿಕೆಯದು. ರೊಥೆರಾದ ಬಳಿ 15 ಮೀಟರ್ ಆಳದಲ್ಲಿ ಕಡಲತಳದ ಮೇಲೆ ಡೈವರ್‌ಗಳು ವಿದ್ಯುತ್ತಿನಿಂದ ಬಿಸಿಯಾಗುವ ಫಲಕಗಳನ್ನು ಕೂರಿಸಿದರು. ಕೆಲವು ಸುತ್ತಲಿನ ನೀರಿಗಿಂತ 1 ಡಿಗ್ರಿ, ಕೆಲವು 2 ಡಿಗ್ರಿ ಬೆಚ್ಚಗಿದ್ದವು, ಕೆಲವನ್ನು ಹಾಗೆಯೇ ಬಿಟ್ಟರು. ಬರುವ ದಶಕಗಳಲ್ಲಿ ಕಡಲು ಬಿಸಿಯಾದರೆ ಅಲ್ಲಿನ ಜೀವಿಗಳು ಏನು ಮಾಡುತ್ತವೆ ಎಂದು ಪ್ರಯೋಗಾಲಯದ ತೊಟ್ಟಿಯಲ್ಲಲ್ಲದೆ ಅವುಗಳ ಮನೆಯಲ್ಲೇ ನೋಡುವುದು ಉದ್ದೇಶ. 2017ರಲ್ಲಿ ಪ್ರಕಟವಾದ ಫಲಿತಾಂಶ ಪ್ರಯೋಗ ಮಾಡಿದವರನ್ನೇ ಬೆರಗಾಗಿಸಿತು: ಕೇವಲ 1 ಡಿಗ್ರಿಗೆ ಫೆನೆಸ್ಟ್ರುಲಿನ ಎಂಬ, ಬಂಡೆಗೆ ಹಾಸಿನಂತೆ ಅಂಟಿ ಬೆಳೆಯುವ ಬ್ರಯೋಜೋವ ಗುಂಪಿನ ಪುಟ್ಟ ಜೀವಿ ಸುಮಾರು ಇಮ್ಮಡಿ ವೇಗದಲ್ಲಿ ಬೆಳೆದು ಫಲಕವನ್ನೆಲ್ಲ ಆಕ್ರಮಿಸಿ ಉಳಿದವುಗಳಿಗೆ ಜಾಗವಿಲ್ಲದಂತೆ ಮಾಡಿತ್ತು. ಆ ಫಲಕಗಳ ತಂತಿ ಜೋಡಿಸಿದವರು, ಮತ್ತೆ ಮತ್ತೆ ಇಳಿದು ಫೋಟೋ ತೆಗೆದವರು ಡೈವರ್‌ಗಳು.

ಅಲ್ಲಿಯೇ 5, 10 ಮತ್ತು 25 ಮೀಟರ್ ಆಳಗಳಲ್ಲಿ ಸಾಲಾಗಿ ಇಟ್ಟ ಪುಟ್ಟ ಕಾಂಕ್ರೀಟ್ ಗುರುತುಗಳೂ ಇವೆ. ತೇಲಿ ಬರುವ ನೀರ್ಗಲ್ಲುಗಳ ತಳ ಕಡಲತಳವನ್ನು ಉಳುತ್ತಾ ಹೋಗುತ್ತದೆ, ನೇಗಿಲಿನ ಹಾಗೆಯೇ. ಯಾವ ಗುರುತು ಪುಡಿಯಾಗಿದೆ, ಯಾವುದು ಉಳಿದಿದೆ ಎಂದು ಎಣಿಸಿ, ಪುಡಿಯಾದುದರ ಜಾಗದಲ್ಲಿ ಹೊಸದನ್ನು ಇಟ್ಟು ಬರಬೇಕು. ಚಳಿಗಾಲದಲ್ಲಿ ಕಡಲ ಮೇಲೆ ಮಂಜು ಗಟ್ಟಿಯಾಗಿ ಕೂತ ವರ್ಷ ನೀರ್ಗಲ್ಲುಗಳು ಸೆರೆಯಲ್ಲಿದ್ದಂತೆ ನಿಲ್ಲುತ್ತವೆ, ಮಂಜು ಕಡಿಮೆಯಾದ ವರ್ಷ ಹೆಚ್ಚು ಗುರುತುಗಳು ಒಡೆಯುತ್ತವೆ. ಹವಾಮಾನ ಬದಲಾವಣೆ ಕಡಲತಳದ ಹುಳುಹುಪ್ಪಟೆಗಳವರೆಗೆ ತಲಪುವ ಬಗೆ ಹೀಗೆ ಕಾಂಕ್ರೀಟ್ ಚೂರು ಎಣಿಸಿದವರಿಂದ ತಿಳಿದದ್ದು.

ನಿಮಗೊಂದು ಕಿವಿಮಾತು. ಇಂಥ ನಿಲ್ದಾಣಗಳಲ್ಲಿ ಜೀವವಿಜ್ಞಾನಿಗಳು ಬಹುಪಾಲು ತಾವೇ ಮುಳುಗುತ್ತಾರೆ, ಡೈವಿಂಗ್ ಅಧಿಕಾರಿ ಅವರನ್ನು ಕಾಯುತ್ತಾರೆ. ಆದ್ದರಿಂದ ನಿಮ್ಮ ಪದವಿಯ ಜೊತೆಗೆ ವೈಜ್ಞಾನಿಕ ಡೈವಿಂಗ್ ತರಬೇತಿಯೂ ಸೇರಿದರೆ, ಬರೀ ಡೈವರ್ ಆದವರಿಗಿಂತ ನಿಮ್ಮ ದಾರಿ ಸುಲಭ.

ಪ್ರಶ್ನೆ: ಮೈನಸ್ 1.8 ಡಿಗ್ರಿಯ ನೀರಿನಲ್ಲಿ ನಿಜವಾಗಿ ಹೇಗನಿಸುತ್ತದೆ? ನಮಗೆ ಡಿಸೆಂಬರಿನ ಬಾವಿಯ ನೀರೇ ಆಗುವುದಿಲ್ಲ.
— ಒಬ್ಬ ಓದುಗ, ಶಿರಸಿ

ಉತ್ತರ: ಮೈಗೆ ನೀರು ತಾಗುವುದೇ ಇಲ್ಲ, ಡ್ರೈಸೂಟಿನೊಳಗೆ ದಪ್ಪ ಒಳಉಡುಪು ಇರುತ್ತದೆ. ಪೂರ್ತಿ ಮುಖ ಮುಚ್ಚುವ ಮಾಸ್ಕ್ ಇಲ್ಲದಿದ್ದರೆ ತುಟಿ ಮತ್ತು ಕೆನ್ನೆಯನ್ನು ಮೊದಲ ಒಂದೆರಡು ನಿಮಿಷ ಸೂಜಿಯಿಂದ ಚುಚ್ಚಿದಂತಾಗಿ ಆಮೇಲೆ ಏನೂ ತಿಳಿಯುವುದಿಲ್ಲ. ಡೈವ್ ಮುಗಿಸುವುದು ಕೈ. ಇಪ್ಪತ್ತೈದು ನಿಮಿಷವಾಗುವಷ್ಟರಲ್ಲಿ ಸ್ಲೇಟಿಗೆ ದಾರ ಕಟ್ಟಿ ತೂಗುಬಿಟ್ಟ ಪೆನ್ಸಿಲ್ ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾಗುತ್ತದೆ, ಬರೆದ ಅಂಕಿ ಒಂದೋ ಏಳೋ ಎಂಬಂತಿರುತ್ತದೆ. ಆಗ ಹೊರಡುತ್ತೇವೆ. ನೋವು ಶುರುವಾಗುವುದು ಮೇಲೆ ಬಂದ ಮೇಲೆ, ಬೆರಳಿಗೆ ರಕ್ತ ಮರಳುವಾಗ. ಆ ಐದು ನಿಮಿಷ ಯಾರೂ ಮಾತಾಡಿಸುವುದಿಲ್ಲ. ಸುಮ್ಮನೆ ಚಹಾದ ಲೋಟ ಎದುರಿಗಿಟ್ಟು ಹೋಗುತ್ತಾರೆ, ಹಿಡಿಯಲು ಬಂದಾಗ ಕುಡಿಯುತ್ತೀರಿ.